ಗೌಡರಿಗೆ ಹೊದಿಸಿದ ಕೌದಿ

ಹೊಸದಾಗಿ ಶಾಲೆಗೆ ಕಲಿಸಲು ಸೇರುವ ಹುಡುಗ ಹುಡುಗಿಯರೇ, ಮಕ್ಕಳಿಗೆ ‘ನಾಳೆ ಪುಸ್ತಕ ತನ್ನಿ’ ಎಂದರೆ ಪುಸ್ತಕ ಬರುತ್ತದೆ, ಇಲ್ಲವೇ ನೆಪ ಬರುತ್ತದೆ. ಎರಡಕ್ಕೂ ನಿಮ್ಮ ಹತ್ತಿರ ಮದ್ದಿರುತ್ತದೆ. ‘ನಾಳೆ ಮನೆಯಿಂದ ಹಳೆಯ ಬಟ್ಟೆ ತನ್ನಿ’ ಎನ್ನುವ ಮುಂಚೆ ಮಾತ್ರ ಒಂದು ಗುಟುಕು ನೀರು ಕುಡಿದು ಯೋಚಿಸಿ. ಬಟ್ಟೆಯ ಜೊತೆ ಯಾರು ಬರುತ್ತಾರೋ ಹೇಳಲಾಗದು. ನಾನು ಯೋಚಿಸಲಿಲ್ಲ.

ಬರೆಯುತ್ತಿದ್ದೇನೆ ಎನ್ನುವುದಕ್ಕಿಂತ ಒತ್ತುತ್ತಿದ್ದೇನೆ ಎನ್ನಬೇಕು. ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿ ಒಂದು ತಿಂಗಳಾಯಿತು. ಒಂದೇ ಬೆರಳಿನ ಕೆಲಸ. ತಪ್ಪಿದ್ದರೆ ಫೋನಿನದು, ಸರಿಯಿದ್ದರೆ ನನ್ನದು. ಕುಷ್ಟಗಿ ಕಡೆ, ಗಂಗಾವತಿ ಕಡೆ, ಕೊಪ್ಪಳದ ಹತ್ತಿರ, ಕಡೆಗೆ ಯಲಬುರ್ಗಾ ತಾಲೂಕಿನ ಒಂದು ಎರೆನೆಲದ ಹಳ್ಳಿಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಳಾದೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಅದು ಬಂದ ದಿನ ನಾನು ರಜೆಯಲ್ಲಿದ್ದೆ.

ಆ ಕಡೆಯ ಹಳ್ಳಿಯಲ್ಲಿ ಸಮಾಜದ ಪಾಠ ನನ್ನ ಪಾಲಿಗಿತ್ತು. ಗುಲಾಮಗಿರಿಯ ಪಾಠ. ದೂರದ ಖಂಡದಿಂದ ಮನುಷ್ಯರನ್ನು ಸರಪಳಿ ಹಾಕಿ ಹಡಗಿನಲ್ಲಿ ತುಂಬಿ ಒಯ್ದು ಮಾರಿದರು ಎಂದು ಓದಿಸಿ, ಚಿತ್ರ ಬರೆಯಿರಿ ಎಂದೆ. ಸಮುದ್ರ ನೋಡದ ಮಕ್ಕಳು ತುಂಗಭದ್ರಾ ಡ್ಯಾಮಿನಲ್ಲಿ ಹಡಗು ನಿಲ್ಲಿಸಿದರು. ಒಬ್ಬ ಎದ್ದು ನಿಂತು ಕೇಳಿದ, “ಅಕ್ಕೋರ, ಗುಲಾಮ ಅಂದ್ರ ಇಸ್ಪೀಟಿನ್ಯಾಗ ಬರ್ತಾನಲ್ರೀ, ಅಂವೇನ್ರೀ?”

“ನೀ ಇಸ್ಪೀಟು ಎಲ್ಲಿ ನೋಡಿದಿ, ಮೊದಲ ಅದನ್ನ ಹೇಳು” ಎಂದೆ. ಎಲ್ಲರೂ ನಕ್ಕರು. ಆ ನಗುವಿನಲ್ಲಿಯೇ ಇನ್ನೊಬ್ಬಳು, “ನಮ್ಮೂರಾಗ ಇಂಥಾದ್ದು ಇದ್ದಿದ್ದಿಲ್ಲೇನ್ರೀ?” ಎಂದಳು.

“ಇಲ್ಲವಾ, ನಮ್ಮ ಕಡೆ ಎಲ್ಲಿ ಬಂತು” ಎಂದುಬಿಟ್ಟೆ. ನನ್ನ ವೃತ್ತಿಯಲ್ಲಿ ನಾನು ಹೇಳಿದ ದೊಡ್ಡ ತಪ್ಪು ಉತ್ತರ ಅದು. ಗೊತ್ತಿಲ್ಲದೆ ಹೇಳಿದ್ದಲ್ಲ, ಬೇಗ ಗಂಟೆ ಹೊಡೆಯಲಿ ಎಂದು ಹೇಳಿದ್ದು.

ಹಿಂದಿನ ಸಾಲಿನಿಂದ ಹುಲಿಗೆಮ್ಮ ಎದ್ದಳು. ಐದನೆಯ ಇಯತ್ತೆಯ ಹುಡುಗಿ. ಮೈ ಮಾತ್ರ ಮೂರನೆಯದರ ಮಗುವಿನಷ್ಟು. “ನಮ್ಮ ಆಯಿ ಇದ್ಲಂತ್ರೀ, ಗೌಡ್ರ ವಾಡೇದಾಗ. ಆದ್ರ ಆಕಿನ್ನ ಹಡಗದಾಗ ಒಯ್ದಿದ್ದಿಲ್ರೀ. ನಡಸಿಗೋಂತ ಕರಕೊಂಡ ಹ್ವಾದ್ರಂತ.”

ತರಗತಿ ಸುಮ್ಮನಾಯಿತು. ಮಕ್ಕಳು ಸುಮ್ಮನಾಗುವುದರಲ್ಲಿ ಎರಡು ಬಗೆ. ಹೆದರಿ ಸುಮ್ಮನಾಗುವುದು ಒಂದು. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೋ ಬಾಯಿಬಿಟ್ಟು ಅಂದಾಗ ಸುಮ್ಮನಾಗುವುದು ಇನ್ನೊಂದು. ಅದು ಎರಡನೆಯದು.

ಹುಲಿಗೆಮ್ಮನ ಬಗ್ಗೆ ನನಗೆ ಬೇರೆಯೇ ಚಿಂತೆ ಇತ್ತು. ಯಮನೂರ ಎಂಬ ಅವಳ ಅಪ್ಪ, ಊರ ಗೌಡರ ಹತ್ತಿ ಪ್ಲಾಟಿನ ಕೆಲಸಕ್ಕೆ ಮುಂಗಡ ತೆಗೆದುಕೊಂಡಿದ್ದ. ಬೀಜದ ಹತ್ತಿಯ ಕೆಲಸಕ್ಕೆ ನಮ್ಮ ಕಡೆ ಕ್ರಾಸಿಂಗ್ ಎನ್ನುತ್ತಾರೆ. ಗಂಡು ಹೂವು ಒಯ್ದು ಹೆಣ್ಣು ಹೂವಿಗೆ ತಿಕ್ಕಿ ಗುರುತು ಕಟ್ಟುತ್ತ ಹೋಗುವುದು. ಗಿಡದಷ್ಟೇ ಎತ್ತರದ, ಸಣ್ಣ ಬೆರಳಿನ ಹುಡುಗಿಯರು ಅದಕ್ಕೆ ಬೇಕು. ಹೂವು ಬಿಟ್ಟ ದಿನ ಹುಲಿಗೆಮ್ಮ ಹೋಗಬೇಕು, ಸುಗ್ಗಿಯವರೆಗೆ ಅಲ್ಲಿಯೇ ಗುಡಿಸಲಿನಲ್ಲಿರಬೇಕು. ಹೀಗೆ ಹೋದವರು ತಿರುಗಿ ಶಾಲೆಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಹತ್ತಿ ಆಗಲೇ ಮೊಣಕಾಲಿಗೆ ಬಂದಿತ್ತು.

ಆ ಶನಿವಾರ ಹುಲಿಗೆಮ್ಮನ ಆಯಿಯನ್ನು, ಎಂದರೆ ಅಜ್ಜಿಯನ್ನು, ನೋಡಲು ಹೋದೆ. ಹೆಸರು ಮಲ್ಲವ್ವ. ಕಟ್ಟೆಯ ಮೇಲೆ ಕೌದಿ ಹರಡಿ ಅದರ ಮೇಲೆಯೇ ಕೂತು ಹೊಲಿಯುತ್ತಿದ್ದಳು. ಊರಿನ ಅರ್ಧ ಮಂದಿ ಹೊದ್ದು ಮಲಗುವುದು ಅವಳ ಕೈಕೆಲಸವನ್ನು.

“ಆಯಿ, ಮಕ್ಕಳಿಗೆ ಜೀತದ ಸುದ್ದಿ ಒಂದೀಟು ಹೇಳತೀರೇನು?” ಎಂದೆ.

“ಅದು ಬಾಯಿಲೆ ಹೇಳೂದಲ್ಲರೀ ಅಕ್ಕೋರ.”

“ಮತ್ತೆ?”

“ಕೈಲೆ ಹೇಳ್ತೀನಿ. ಹರಕ ಬಟ್ಟಿ ತರಸ್ರಿ.”

ಆಗಲೇ ನಾನು ಮಕ್ಕಳಿಗೆ ಬಟ್ಟೆ ತನ್ನಿ ಎಂದದ್ದು. ಕೈಕೆಲಸದ ಅವಧಿ ವೇಳಾಪಟ್ಟಿಯಲ್ಲಿ ಇನ್ನೂ ಉಳಿದಿತ್ತು. ನಮ್ಮ ಹೆಡ್ ಮಾಸ್ತರರು ಒಳ್ಳೆಯವರು. ಹೆದರಿಕೆಯಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. “ಸೂಜಿ ಚುಚ್ಚಿದ್ರ ಯಾರು ಜವಾಬ್ದಾರಿ?” ಎಂದರು. “ನಾನ ರೀ ಸರ” ಎಂದೆ. “ಬರದು ಕೊಡ್ರಿ” ಎಂದರು. ಬರೆದುಕೊಟ್ಟೆ.

ಮಲ್ಲವ್ವ ಬಂದು ಶಾಲೆಯ ನೆಲದ ಮೇಲೆ ಕೂತಳು. ಅವಳ ಕಲಿಸುವ ಕ್ರಮ ನನಗಿಂತ ಚೆನ್ನಾಗಿತ್ತು. ಒಂದು ತುಂಡು ಬಟ್ಟೆ ಎತ್ತಿ ಹಿಡಿದು “ಇದು ಯಾರು ಉಟ್ಟಿದ್ದು?” ಎಂದು ಕೇಳುವಳು. ತಂದ ಮಗು ಹೇಳಬೇಕು. ಗೊತ್ತಿಲ್ಲ ಎಂದರೆ ಆ ತುಂಡು ಕೌದಿಗೆ ಬರುವಂತಿಲ್ಲ. “ಯಾರ್ದಂತ ಗೊತ್ತಿಲ್ಲದ್ದನ್ನ ಮೈಮ್ಯಾಲ ಹಾಕ್ಕೋಬಾರ್ದು. ಆಮ್ಯಾಲ ಬಂದು ಕೇಳ್ತಾರ.”

“ಯಾರು ಬಂದು ಕೇಳ್ತಾರ ಆಯಿ?” ಎಂದು ಮಕ್ಕಳು ಹಲ್ಲು ಕಿರಿದರು.

“ಉಟ್ಟವ್ರು” ಎಂದಳು. ಹಲ್ಲುಗಳು ಒಳಗೆ ಹೋದವು.

ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬರತೊಡಗಿದರು. ಇದು ಮುತ್ತ್ಯಾನ, ಎಂದರೆ ಅಜ್ಜನ, ಧೋತರ, ಧಣಿ ಹೊಡೆದಾಗ ಹರಿದದ್ದು. ಇದು ನಮ್ಮಮ್ಮ ಮದುವೆಯಾದ ವರ್ಷದ ಸೀರೆ, ಆ ವರ್ಷ ಅಪ್ಪ ಜೀತಕ್ಕಿದ್ದ, ಮದುವೆಗೆ ಒಂದೇ ದಿನ ಬಿಟ್ಟಿದ್ದರು. ನಾನು ಕರಿಹಲಗೆಯ ಮೇಲೆ ಏನೂ ಬರೆಯಲಿಲ್ಲ. ಪಾಠ ನೆಲದ ಮೇಲೆ ಹಾಸಿಕೊಂಡು ಬಿದ್ದಿತ್ತು.

ಕೌದಿಯನ್ನು ಅಂಚಿನಿಂದ ಹೊಲಿಯುತ್ತಾರೆ. ಸುತ್ತಲೂ ಹೊಲಿಯುತ್ತ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಹದಿನೆಂಟು ಮಕ್ಕಳು ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಗೇಣು ಹೊಲಿದರು. ಒಬ್ಬನದು ಎಮ್ಮೆ ನಡೆದಂತೆ, ಒಬ್ಬಳದು ಇರುವೆ ನಡೆದಂತೆ. ಸಂಜೆ ಮಲ್ಲವ್ವ ಬೆರಳಾಡಿಸಿ ನೋಡುತ್ತ ಬಂದಳು. ಒಂದು ಕಡೆ ಬೆರಳು ನಿಂತಿತು.

“ಇದು ಯಾರ ಕೈ?”

ಅಲ್ಲಿ ಒಂದು ಗೇಣು ಹೊಲಿಗೆ, ತೀರ ಸಣ್ಣದು, ಎಡಕ್ಕೆ ವಾಲಿದ್ದು. ಯಾರೂ ನನ್ನದು ಎನ್ನಲಿಲ್ಲ. ಪ್ರತಿಯೊಬ್ಬರಿಗೂ ತಮ್ಮ ತಮ್ಮ ಹೊಲಿಗೆ ತೋರಿಸಿ ಎಂದೆ. ಹದಿನೆಂಟು ಮಕ್ಕಳು ಹದಿನೆಂಟು ತೋರಿಸಿದರು. ಇದು ಉಳಿಯಿತು. ನಾನು ಮಕ್ಕಳನ್ನು ನಂಬುವವಳಲ್ಲ, ಹೆದರಿಸಿದೆ, ಬೆಲ್ಲ ಕೊಡುತ್ತೇನೆ ಎಂದೆ. ಬೆಲ್ಲಕ್ಕೂ ಯಾರೂ ಒಪ್ಪಿಕೊಳ್ಳಲಿಲ್ಲ. ಬಿಚ್ಚಲೇ ಎಂದು ಕೇಳಿದರೆ ಮಲ್ಲವ್ವ ತಲೆಯಾಡಿಸಿದಳು. “ಬಿಡ್ರಿ. ಕಲೀಲಿ.”

ಮಾರನೆಯ ದಿನ ಅವಳು ತಲೆಯ ಮೇಲೆ ಒಂದು ಹಳೆಯ ಕೌದಿ ಹೊತ್ತು ತಂದಳು. ನಮ್ಮ ಕಡೆ ಹಳೆಯ ಕೌದಿಯನ್ನು ಎಸೆಯುವುದಿಲ್ಲ, ಹೊಸದರ ಹೊಟ್ಟೆಗೆ ಹಾಕಿ ಹೊಲಿಯುತ್ತೇವೆ. “ನಮ್ಮವ್ವಂದು. ಹೊಟ್ಟೀಗೆ ಇದನ್ನ ಹಾಕೂಣು. ಆದ್ರ ಮೊದಲ ಬಿಚ್ಚಿ ನೋಡ್ರಿ” ಎಂದಳು. ಗೋಡೆಯಷ್ಟು ದಪ್ಪವಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಅದರ ಮೇಲೆ ಬಿದ್ದಿತ್ತು. ಮಕ್ಕಳು ಬ್ಲೇಡು, ಪಿನ್ನು ಹಿಡಿದು ಕೂತರು.

ಮೇಲಿನ ಪದರ ಒಂದು ಇಳಕಲ್ ಸೀರೆ. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಮಲ್ಲವ್ವ ಪ್ರತಿಯೊಂದಕ್ಕೂ ಹೇಳುತ್ತ ಹೋದಳು. “ಇದು ದೊಡ್ಡ ಗೌಡಸಾನೇರು ಉಟ್ಟು ಬಿಟ್ಟಿದ್ದು. ಇದೂ ಅವರ್ದ. ವರ್ಸಕ್ಕ ಒಂದು ಕೊಡ್ತಿದ್ರು. ಇದು ಕೊಟ್ಟ ವರ್ಸ ನನಗ ಕೈ ಮುರಿದಿತ್ತು. ಇದು ಕೊಟ್ಟ ವರ್ಸ ನಾ ದೊಡ್ಡಾಕಿ ಆದೆ.” ಮೇಲಿನಿಂದ ಕೆಳಗೆ ಹೋದಂತೆ ಅವಳ ವಯಸ್ಸು ಕಡಿಮೆಯಾಗುತ್ತ ಹೋಯಿತು. ಮಕ್ಕಳು ಅವಳ ಮುಖ ನೋಡುವುದನ್ನು ಬಿಟ್ಟು ಬಟ್ಟೆಯನ್ನು ನೋಡುತ್ತ ಕೇಳುತ್ತಿದ್ದರು. ಬಟ್ಟೆಯೇ ಮಾತಾಡಿದ ಹಾಗೆ.

ಕಡೆಯ ಸೀರೆ ಎತ್ತಿದಾಗ ತಳದಲ್ಲಿ ಒಂದು ಅಂಗಿ ಇತ್ತು.

ಸಣ್ಣ ಹುಡುಗಿಯ ಅಂಗಿ. ಕತ್ತರಿಸಿರಲಿಲ್ಲ, ಮಡಚಿರಲಿಲ್ಲ. ಎರಡೂ ತೋಳು ಚಾಚಿ ಅಂಗಾತ ಹಾಸಿ, ಸುತ್ತಲೂ ಹೊಲಿಗೆ ಹಾಕಿದ್ದರು. ಕೆಳಗಿನ ಬಟ್ಟೆಯ ಮೇಲೆ ಅದು ಮಲಗಿದ ಹಾಗಿತ್ತು. ಹೊಲಿಗೆ ತೀರ ಸಣ್ಣದು, ಎಡಕ್ಕೆ ವಾಲಿದ್ದು. ಅದನ್ನು ನಾನು ಕಂಡೆ, ಮಲ್ಲವ್ವ ಕಂಡಳು. ಮಕ್ಕಳು ಕಂಡರೋ ಇಲ್ಲವೋ ಕೇಳಲಿಲ್ಲ.

ಮಲ್ಲವ್ವ ಅದರ ಎದೆಯ ಮೇಲೆ ಕೈ ಇಟ್ಟಳು. “ಇದು ನಾನು.”

ಅಪ್ಪ ತೀರಿಕೊಂಡ ಮೇಲೆ ಅವನ ಜೀತಕ್ಕೆ ಇವಳನ್ನು ಕಳಿಸಿದ್ದರು. ಹೋದ ದಿನ ವಾಡೆಯಲ್ಲಿ, ಗೌಡರ ಆ ದೊಡ್ಡ ಮನೆಯಲ್ಲಿ, ಇವಳ ಅಂಗಿ ಬಿಚ್ಚಿಸಿ ಅವರ ಮನೆಯ ಹಳೆಯ ಬಟ್ಟೆ ಹಾಕಿದರು. ಅಂಗಿಯನ್ನು ಅವ್ವ ಮನೆಗೆ ತಂದು ಹೀಗೆ ಹೊಲಿದಳು. ವರ್ಷಕ್ಕೊಮ್ಮೆ ಬಂದ ಸೀರೆ ಅದರ ಮೇಲೆ ಹೊಚ್ಚುತ್ತ ಬಂದಳು.

“ನಾ ಅಲ್ಲಿ ಮಲಗತಿದ್ದೆ. ನಮ್ಮವ್ವ ಇಲ್ಲಿ ನನ್ನ ಹೊಚಿಗೊಂಡು ಮಲಗತಿದ್ಲು” ಎಂದಳು ಮಲ್ಲವ್ವ.

ಪಠ್ಯಪುಸ್ತಕ ಬರೆದವರು ಬಂದು ಕೂತಿದ್ದರೂ ಅದಕ್ಕಿಂತ ಹೆಚ್ಚು ಹೇಳಲು ಏನಿತ್ತು? ಮಕ್ಕಳಲ್ಲಿ ಯಾರೋ “ಹುಲಿಗೆಮ್ಮಗ ಸರಿ ಹೊಂದತೈತಿ ನೋಡ್ರಿ” ಎಂದರು. ಹೌದು, ಅದೇ ಅಳತೆ. ಹುಲಿಗೆಮ್ಮ ಮಾತ್ರ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. “ನಾ ಮುಟ್ಟಂಗಿಲ್ಲ” ಎಂದಳು.

ಎಲ್ಲ ಪದರಗಳನ್ನೂ ಇದ್ದ ಹಾಗೆಯೇ ಹಾಸಿ, ಮೇಲೆ ಮಕ್ಕಳ ತುಂಡುಗಳ ಹೊದಿಕೆ ಹಾಕಿ ಹೊಲಿಯುವುದೆಂದು ಮಲ್ಲವ್ವ ಹೇಳಿದಳು. “ಇಷ್ಟ ವರ್ಸ ಒಬ್ಬಾಕಿನ ಮಲಗ್ಯಾಳ. ಹುಡುಗರ ಜೋಡಿ ಇರಲಿ.” ಕಡೆಯ ಮೂಲೆ ಮುಚ್ಚುವ ಮುಂಚೆ ಜೋಳದ ರೊಟ್ಟಿಯ ಚೂರು ಇಟ್ಟೆವು, ಕೌದಿ ಹಸಿದಿರಬಾರದೆಂದು. ಎತ್ತಲು ನಾಲ್ಕು ಮಕ್ಕಳು ಬೇಕಾದರು.

ಇನ್ನು ನನ್ನ ಮಹಾ ತಪ್ಪಿನ ಕಥೆ. ಆಗಸ್ಟ್ ಹದಿನೈದಕ್ಕೆ ಊರ ಗೌಡರು ಮುಖ್ಯ ಅತಿಥಿ. ಶಾಲೆಯ ನಲ್ಲಿಗೆ ನೀರು ಬರುವುದು ಅವರ ಬೋರಿನಿಂದ, ಆದ್ದರಿಂದ ಪ್ರತಿ ವರ್ಷವೂ ಅವರೇ ಅತಿಥಿ. ಆ ದಿನ ಬೆಳಿಗ್ಗೆ ಹೆಡ್ ಮಾಸ್ತರರು ಬೆವರೊರೆಸುತ್ತ ಬಂದರು.

“ಅಕ್ಕೋರ, ಶಾಲು ತರೂದು ಮರೆತು ಬಂದೀನ್ರಿ. ಹಾರ ಐತಿ, ಶಾಲು ಇಲ್ಲ. ಏನ ಮಾಡೂದು?”

“ಮಕ್ಕಳು ಹೊಲಿದ ಕೌದಿ ಐತೆಲ್ರೀ ಸರ. ಅದನ್ನ ಹೊಚ್ಚೂಣು.”

ನಾನೇ ಹೇಳಿದೆ. ನನ್ನ ಬಾಯಿಂದಲೇ ಬಂತು. ಸ್ವಲ್ಪ ತುಂಟತನವೂ ಇತ್ತು, ಸುಳ್ಳು ಹೇಳುವುದಿಲ್ಲ. ಆ ಮನೆಯ ಸೀರೆಗಳು ಆ ಮನೆಯವರ ಹೆಗಲ ಮೇಲೆ ಒಂದು ಗಳಿಗೆ ಕೂರಲಿ ಎನಿಸಿತು. ಒಂದು ಗಳಿಗೆ ಎಂದುಕೊಂಡದ್ದೇ ತಪ್ಪು. ನಮ್ಮ ಕಡೆ ಸತ್ಕಾರಕ್ಕೆ ಹೊದಿಸಿದ್ದು ಹೊದ್ದವನದೇ ಆಗುತ್ತದೆ. ಅದು ನನಗೆ ಗೊತ್ತಿಲ್ಲವೇ? ಮದುವೆ ಮುಂಜಿಯಲ್ಲಿ ನೂರು ಸಲ ನೋಡಿದ್ದೇನೆ. ಅಂದು ಮರೆತೆ.

ನಾಲ್ಕು ಮಕ್ಕಳು ಹೊತ್ತು ತಂದು ಗೌಡರಿಗೆ ಹೊದಿಸಿದರು. ಗೌಡರು ಕುರ್ಚಿಯಲ್ಲಿ ಒಂದಿಷ್ಟು ಕುಸಿದರು. “ಭಾಳ ಭಾರ ಐತೆಲೇ!” ಎಂದು ನಕ್ಕರು. ಮಂದಿ ಚಪ್ಪಾಳೆ ತಟ್ಟಿತು. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಮಲ್ಲವ್ವ ಮಕ್ಕಳಿಗೆ ಒಂದು ರೂಢಿ ಕಲಿಸಿದ್ದಳು. ಕೌದಿ ಹೊದಿಸಿದ ಮೇಲೆ ಅದರೊಳಗೆ ಯಾರು ಯಾರು ಇದ್ದಾರೆಂದು ಹೊದ್ದವರಿಗೆ ಹೇಳಬೇಕು. ಮಕ್ಕಳು ಸುತ್ತ ನಿಂತು ತುಂಡು ಮುಟ್ಟಿ ಹೇಳಲು ಶುರುಮಾಡಿಯೇಬಿಟ್ಟರು.

“ಇದು ನಮ್ಮ ಮುತ್ತ್ಯಾನ ಧೋತರ್ರೀ. ನಿಮ್ಮ ಹೊಲದಾಗ ಹರದಿದ್ದು.”

“ಇದು ನಮ್ಮಮ್ಮನ ಸೀರಿ ರೀ. ನಿಮ್ಮ ಕಣದಾಗ ಉಟ್ಟಿದ್ದು.”

ಒಬ್ಬರಾದ ಮೇಲೆ ಒಬ್ಬರು, ಮಗ್ಗಿ ಹೇಳುವ ದನಿಯಲ್ಲಿ. ಹೆಡ್ ಮಾಸ್ತರರು ಕಣ್ಣು ಮುಚ್ಚಿಕೊಂಡರು. ಗೌಡರ ನಗು ಮುಖದ ಮೇಲೆಯೇ ಒಣಗಿತು. ಕಡೆಗೆ ಹುಲಿಗೆಮ್ಮ ಬಂದು ಅವರ ಎದೆಯ ಹತ್ತಿರ ಬೆರಳಿಟ್ಟಳು.

“ಇಲ್ಲಿ ಒಳಗ ನಮ್ಮ ಆಯಿ ಅದಾಳ್ರೀ. ನಿಮ್ಮ ಮನಿಗೆ ಬಂದಾಗ ಇಷ್ಟ ಇದ್ಲು.”

ಗೌಡರು ಏಳಲು ನೋಡಿದರು. ಏಳಲಾಗಲಿಲ್ಲ. ನಾಲ್ಕು ಮಕ್ಕಳು ಎತ್ತುವ ಭಾರ, ಆದರೂ ಗಟ್ಟಿ ಆಳು, ಏಳಬೇಕಿತ್ತು. ಎರಡನೆಯ ಸಲ ಎದ್ದರು. ತಾವೇ ಕೌದಿಯನ್ನು ಮಡಚಿದರು. ಮಡಚುವಾಗ ಅಂಚಿನಲ್ಲಿ ಕಂಡ ಹಸಿರು ದಡಿಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, “ನಮ್ಮವ್ವನ ಸೀರಿ” ಎಂದರು, ಯಾರಿಗೋ ಎಂಬಂತೆ. ಆಮೇಲೆ ನನ್ನ ಕಡೆ ತಿರುಗಿ, “ನನಗ ಹೊಚ್ಚೀರಿ. ನಂದಾತು” ಎಂದು ಅದನ್ನು ಕಾರಿನಲ್ಲಿ ಹಾಕಿಕೊಂಡು ಹೋದರು.

ಮಲ್ಲವ್ವ ಶಾಲೆಯ ಬಾಗಿಲಲ್ಲಿ ನಿಂತು ಕಾರು ಹೋಗುವುದನ್ನು ನೋಡಿದಳು. ನಾನು ಕ್ಷಮೆ ಕೇಳಲು ಹೋದೆ. ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. “ಮತ್ತ ಒಯ್ದ್ರಲ್ರೀ ನನ್ನ” ಎಂದಳು. “ಅಂಗಿ ಹ್ವಾದ ಮನಿಗೆ ಮೈನೂ ಹೊಕ್ಕೈತ್ರೀ ಅಕ್ಕೋರ. ಹುಲಿಗೆಮ್ಮನ್ನ ನೋಡಿಕೋರಿ.”

ಆರು ದಿನಕ್ಕೆ ಹುಲಿಗೆಮ್ಮನ ಜಾಗ ಖಾಲಿಯಾಯಿತು. ಯಮನೂರನ ಮನೆಗೆ ಓಡಿದೆ. ಅವನು ನನ್ನ ಮುಖ ನೋಡಲಿಲ್ಲ.

“ಹೂವು ಬಿಟ್ಟಾವ್ರೀ ಅಕ್ಕೋರ” ಎಂದ.

“ಆಕಿಗೆ ಹತ್ತು ವರ್ಷ, ಯಮನೂರ.”

“ಗೊತ್ತೈತ್ರೀ. ಆಕಿ ಅವ್ವಗ ಆಪರೇಷನ್ ಆತಲ್ರೀ. ಮುಂಗಡ ಅದಕ್ಕ ಹ್ವಾತು. ಈಗ ಕಳಸಂಗಿಲ್ಲ ಅಂದ್ರ ಅವರಿಗೆ ಏನ ಕೊಡ್ಲಿ? ನೀವ ಹೇಳ್ರಿ.”

ಮಗುವನ್ನು ದುಡಿಮೆಗೆ ಹಚ್ಚಿದ್ದಾರೆಂದು ಕೊಪ್ಪಳದ ಅಧಿಕಾರಿಗಳಿಗೆ ಅರ್ಜಿ ಬರೆದು ಹೆಡ್ ಮಾಸ್ತರರ ಮುಂದಿಟ್ಟೆ. ಅವರು ಕನ್ನಡಕ ತೆಗೆದರು. “ಅಕ್ಕೋರ, ಗೌಡ್ರ ಮ್ಯಾಲ ಅರ್ಜಿ ಹ್ವಾದ್ರ ನಾಳೆ ಹುಡುಗರಿಗೆ ಕುಡ್ಯಾಕ ನೀರಿಲ್ಲ. ಉಳಿದವ್ರ ಗತಿ ಏನ್ರಿ?” ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ಅರ್ಜಿಗೆ ನಾನೊಬ್ಬಳೇ ಸಹಿ ಮಾಡಿ, ಬ್ಯಾಗಿನಲ್ಲಿಟ್ಟುಕೊಂಡು, ಮಧ್ಯಾಹ್ನದ ಊಟದ ಗಂಟೆಗೆ ವಾಡೆಗೆ ನಡೆದೆ.

ಬಾಗಿಲು ತೆಗೆದವರು ಗೌಡರ ಹೆಂಡತಿ. “ಬರ್ರಿ ಅಕ್ಕೋರ. ನೀವು ಬರ್ತೀರಂತ ಗೊತ್ತಿತ್ತು” ಎಂದರು.

“ಯಾರು ಹೇಳಿದ್ರಿ ಗೌಡಸಾನೇರ?”

ಅವರು ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಮಂಚದ ಮೇಲೆ ಕೌದಿ ಹರಡಿತ್ತು. “ಮುಂಜಾನೆ ಮಡಚಿ ಪೆಟಗ್ಯಾಗ ಇಟ್ಟೀನ್ರಿ. ನಾನ ಇಟ್ಟೀನಿ. ನೋಡ್ರಿ ಈಗ.”

“ಮನ್ಯಾಗ ಯಾರರ ತಗದಿರಬೇಕು.”

“ಮನ್ಯಾಗ ನಾವಿಬ್ರ ಇರೂದು. ಅವರು ಈ ಕ್ವಾಣಿಗೆ ಬರೂದ ಬಿಟ್ಟಾರ.” ಅವರ ದನಿ ಇಳಿಯಿತು. “ಮೊದಲ ದಿನ ಹೊಚಿಗೊಂಡ್ರು. ನಡುವ ಯಾರೋ ಮಗ್ಗಲ ಬದಲಿಸಿದಂಗ ಆಕ್ಕೈತಿ ಅಂತ ಎದ್ದು ಕುಂತ್ರು. ನಾ ನಕ್ಕೆ. ಎರಡನೇ ದಿನ ನಾ ಹೊಚಿಗೊಂಡೆ. ಆಮ್ಯಾಲ ನಗಲಿಲ್ಲ.”

ಕೌದಿ ನಡುವೆ ಸ್ವಲ್ಪ ಉಬ್ಬಿತ್ತು, ಮಗು ಮುದುರಿ ಮಲಗಿದರೆ ಉಬ್ಬುವಷ್ಟು. ನಾನು ವಿಜ್ಞಾನವನ್ನೂ ಕಲಿಸಿದವಳು. ಹೋಗಿ ಒತ್ತಿ ನೋಡಿದೆ. ಬಟ್ಟೆ, ಬರೀ ಬಟ್ಟೆ. ಉಬ್ಬು ಕುಗ್ಗಿತು. ಆದರೆ ಅಲ್ಲಿ ಬೆಚ್ಚಗಿತ್ತು, ಈಗಷ್ಟೇ ಎದ್ದುಹೋದ ಹಾಸಿಗೆಯಂತೆ. ಆ ಕೋಣೆಗೆ ಕಿಟಕಿ ಇರಲಿಲ್ಲ.

ಬಾಗಿಲ ಹೊರಗೆ ಗೌಡರು ಬಂದು ನಿಂತಿದ್ದರು, ಒಳಗೆ ಬರಲಿಲ್ಲ. ಅರ್ಜಿ ತೆಗೆದು ತೋರಿಸಿದೆ. ಓದಿ ತಿರುಗಿ ಕೊಟ್ಟರು. “ಕೊಡ್ರಿ ಹೋಗ್ರಿ, ಇಂಥಾವು ಭಾಳ ನೋಡೀನಿ. ಬ್ಯಾರೇ ಏನರ ಹೇಳೂದಿದ್ರ ಹೇಳ್ರಿ. ಅದನ್ನ ಒಯ್ತೀರೋ ಇಲ್ಲೋ?” ಕಣ್ಣು ಕೌದಿಯ ಮೇಲಿತ್ತು.

ಅರ್ಜಿಗೆ ಹೆದರದವರು ಯಾವುದಕ್ಕೆ ಹೆದರುತ್ತಾರೆಂದು ಆಗ ತಿಳಿಯಿತು. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿ‍ಡಿದ ನನಗೆ ಒಂದು ಸುಳ್ಳು ಕಟ್ಟಲು ಬರುವುದಿಲ್ಲವೇ? ನಿಂತಲ್ಲೇ ಕಟ್ಟಿದೆ.

“ಹೊಚ್ಚಿದ್ದನ್ನ ಹಂಗ ಒಯ್ಯಾಕ ಬರೂದಿಲ್ರೀ ಗೌಡ್ರ. ಒಳಗಿನ ಹುಡುಗಿ ಎದ್ದು ಹೋಗಬೇಕಂದ್ರ, ಆಕಿ ರಗತದ ಇನ್ನೊಂದು ಹುಡುಗಿನ್ನ ಹೊರಗ ಬಿಡಬೇಕು. ಆಕಿ ಕೈಲೇ ಹೊಲಿಗಿ ಬಿಚ್ಚಸಬೇಕು. ಆ ಹುಡುಗಿ ನಿಮ್ಮ ಹತ್ತ್ಯಾಗ ನಿಂತಿರೂತನಕ ಈಕಿ ನಿಮ್ಮ ಮಂಚದ ಮ್ಯಾಲ ಇರ್ತಾಳ.”

ಗೌಡಸಾನಿಯವರು ಗಂಡನ ಮುಖ ನೋಡಿದರು. “ಬಿಟ್ಟ ಕಳಸ್ರಿ” ಎಂದರು. “ಮುಂಗಡ ಸುಡಗಾಡಿಗೆ ಹೋಗ್ಲಿ. ನನಗ ನಿದ್ದಿ ಬೇಕು.”

ಮರುದಿನ ಹಾಜರಿ ಕರೆಯುವಾಗ ಹುಲಿಗೆಮ್ಮ ಬಾಗಿಲಲ್ಲಿದ್ದಳು. ಬೆರಳ ತುದಿಗಳು ಹೂವಿನ ಪುಡಿಯಿಂದ ಹಳದಿಯಾಗಿದ್ದವು. ಗೌಡಸಾನಿಯವರೇ ಆಳಿನ ತಲೆಯ ಮೇಲೆ ಕೌದಿ ಹೊರಿಸಿಕೊಂಡು ಅವಳನ್ನು ಕರೆತಂದು ಬಿಟ್ಟು ಹೋದರು. ನಾನು ಗೆದ್ದ ಹುಂಜದ ಹಾಗೆ ಮಲ್ಲವ್ವನ ಹತ್ತಿರ ಹೋಗಿ ನನ್ನ ಸುಳ್ಳನ್ನು ಒಪ್ಪಿಸಿದೆ. ನಗುತ್ತಾಳೆ ಎಂದುಕೊಂಡಿದ್ದೆ.

ಅವಳು ಸೂಜಿ ಕೆಳಗಿಟ್ಟಳು. “ಇದು ನಿಮಗ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ ಆಯಿ. ನಾನ ಹುಟ್ಟಿಸಿದೆ.”

“ನಮ್ಮವ್ವ ಅಂತಿದ್ಲು ಇದನ್ನ. ಹಿಂಗ, ಇವ ಮಾತು. ಮನ್ಯಾಗ ನಾವಿಬ್ರ ಇದ್ದಾಗ ಅಂತಿದ್ಲು.”

ತರಗತಿಯಲ್ಲಿ ಹುಲಿಗೆಮ್ಮ ಹೊಲಿಗೆ ಬಿಚ್ಚಿದಳು. ಈ ಸಲ ಕೈ ಹಿಂದಕ್ಕೆ ಕಟ್ಟಲಿಲ್ಲ. ಅಂಗಿಯನ್ನು ಮಲ್ಲವ್ವನ ಕೈಗೆ ಕೊಟ್ಟಳು. ಮಲ್ಲವ್ವ ಅದನ್ನು ಪೂಜೆಗೂ ಇಡಲಿಲ್ಲ, ಒಲೆಗೂ ಹಾಕಲಿಲ್ಲ. ಸಾಬೂನು ಹಚ್ಚಿ ಒಗೆದು ಶಾಲೆಯ ಹಗ್ಗಕ್ಕೆ ಒಣಹಾಕಿದಳು. ಗಂಟೆ ಹೊಡೆದು ಮಕ್ಕಳು ಹೊರಗೆ ನುಗ್ಗಿದಾಗ ಹಗ್ಗದ ಮೇಲೆ ಅಂಗಿ ಇರಲಿಲ್ಲ. ಎಲೆ ಅಲ್ಲಾಡುವಷ್ಟು ಗಾಳಿ ಇರಲಿಲ್ಲ. ಹುಡುಕಲು ಹೊರಟ ನನ್ನನ್ನು ಅವಳು ತಡೆದಳು. “ಬಿಡ್ರಿ ಅಕ್ಕೋರ. ಆಡಾಕ ಹೋಗ್ಯಾಳ.”

ನಾನು ಗೆದ್ದೆ ಎಂದೇ ತಿಳಿದಿದ್ದೆ. ಶಾಲೆಯ ನೀರು ನಿಲ್ಲಲಿಲ್ಲ. ಗೌಡರು ನನ್ನನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಿದ್ದರು. ಅರ್ಜಿ ಬ್ಯಾಗಿನಲ್ಲಿಯೇ ಉಳಿಯಿತು. ಇನ್ನು ಅದು ಯಾಕೆ ಎಂದುಕೊಂಡೆ. ಹೊಸಬರೇ, ನನ್ನ ಮೂರನೆಯ ತಪ್ಪು ಇದು, ಉಳಿದೆರಡಕ್ಕಿಂತ ದೊಡ್ಡದು.

ಎರಡು ವಾರಕ್ಕೆ ಕೊಪ್ಪಳದಲ್ಲಿ ಮಕ್ಕಳ ಕೈಕೆಲಸದ ಪ್ರದರ್ಶನವಿತ್ತು. ತಿರುಗಿ ಹೊಲಿದ ಕೌದಿಯನ್ನು ಸುತ್ತಿ ಬಸ್ಸಿಗೆ ಹಾಕಿ, ನಾಲ್ಕು ಮಕ್ಕಳನ್ನು ಕರೆದುಕೊಂಡು ಹೊರಟೆ. ಹುಲಿಗೆಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಗೌಡರ ಹತ್ತಿ ಪ್ಲಾಟು ರಸ್ತೆಗೆ ಅಂಟಿಕೊಂಡೇ ಇದೆ. ಬಸ್ಸು ಎಮ್ಮೆಗಳಿಗೆ ದಾರಿ ಬಿಡಲು ನಿಧಾನವಾಯಿತು. ಗಿಡಗಳ ನಡುವೆ ಸಣ್ಣ ಸಣ್ಣ ತಲೆಗಳು ತೇಲುತ್ತಿದ್ದವು.

“ಅಕ್ಕೋರ, ನಾ ಅಲ್ಲೇ ನಿಲ್ತಿದ್ದೆ ನೋಡ್ರಿ” ಎಂದಳು.

ಅವಳ ಬೆರಳು ತೋರಿಸಿದಲ್ಲಿ ಒಬ್ಬ ಹುಡುಗಿ ಇದ್ದಳು. ಅದೇ ಎತ್ತರ. ಅಷ್ಟೇ ಸಣ್ಣ ಮೈ. ಬೆನ್ನು ನಮ್ಮ ಕಡೆಗಿತ್ತು. ನನ್ನ ಪಕ್ಕದಲ್ಲಿರುವ ಹುಡುಗಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ.

“ಆಕಿ ಯಾರವಾ?”

“ಗೊತ್ತಿಲ್ರೀ. ನಾ ಬಂದ ಮ್ಯಾಲ ಬಂದಿರಬೇಕು.”

ನಾನು ಎದ್ದು ನಿಂತು “ನಿಲ್ಲಸಪಾ!” ಎಂದು ಕೂಗಿದೆ. ಕಂಡಕ್ಟರ್ ತಿರುಗಿದ. “ಇಲ್ಲಿ ಸ್ಟಾಪ್ ಇಲ್ಲಬೇ ಯವ್ವಾ.” “ಈಗ ಆತು” ಎಂದು ಇಳಿದೇಬಿಟ್ಟೆ. ನಾಲ್ಕು ಮಕ್ಕಳೂ ಇಳಿದರು. ಕೌದಿ ಬಸ್ಸಿನಲ್ಲೇ ಹೋಯಿತು. ಅದನ್ನು ಆಮೇಲೆ ಹುಡುಕಿದರೂ ಸಿಗಲಿಲ್ಲ. ಎಲ್ಲೋ ಯಾರೋ ಹೊದ್ದಿರಬೇಕು.

ಹತ್ತಿಯ ನಡುವೆ ನಡೆದು ಆ ಹುಡುಗಿಯ ಹತ್ತಿರ ಹೋದೆ. ಗಂಗಾವತಿ ಕಡೆಯ ಮಾತು. ಊರು ಕೇಳಿದೆ, ಹೇಳಿದಳು. ಅಪ್ಪನ ಹೆಸರು ಹೇಳಿದಳು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟಳಂತೆ. ಎಲ್ಲವನ್ನೂ ಬ್ಯಾಗಿನಲ್ಲಿದ್ದ ಅರ್ಜಿಯ ಮೇಲೆಯೇ, ಹುಲಿಗೆಮ್ಮನ ಹೆಸರಿನ ಕೆಳಗೆ ಬರೆದುಕೊಂಡೆ. ಮಾತಾಡುವಾಗಲೂ ಅವಳ ಬೆರಳುಗಳು ನಿಲ್ಲಲಿಲ್ಲ. ಹೂವು ಕೀಳುವುದು, ತಿಕ್ಕುವುದು, ಗುರುತು ಕಟ್ಟುವುದು.

“ಬಾರವಾ, ನನ್ನ ಜೋಡಿ ಕೊಪ್ಪಳಕ್ಕ ಹೋಗೂಣು. ಇದನ್ನ ಕೊಟ್ಟು ಬರೂಣು” ಎಂದು ಕೈ ಹಿಡಿದೆ.

ಆಗ ಅವಳ ಬೆರಳುಗಳು ನಿಂತವು. ತಾನು ನಿಂತಿದ್ದ ಜಾಗವನ್ನು ಒಮ್ಮೆ ನೋಡಿದಳು, ನನ್ನನ್ನು ನೋಡಿದಳು. ಲೆಕ್ಕ ತಿಳಿಯದ ಮಗು ಟೀಚರನ್ನು ಕೇಳುವಂತೆ ಕೇಳಿದಳು.

“ನಾ ಬಂದ್ರ ಇಲ್ಲಿ ಯಾರು ನಿಲ್ತಾರ್ರೀ?”